ಹದಿನೆಂಟು ದಿನ ತಡವಾದ ಕತ್ತರಿ

ಐಗಳಿಯ ಮುರಗೆಪ್ಪ ಒಂದೇ ವರ್ಷದಲ್ಲಿ ಶ್ರೀಮಂತನಾದ. ಅದಕ್ಕಾಗಿ ಅವನಿಗೆ ದುಃಖವೇನೂ ಇರಲಿಲ್ಲ. ದುಃಖವಿದ್ದದ್ದು ಬೇರೆ ಮಾತಿಗೆ. ಶ್ರೀಮಂತನಾದವನು ಅವನು, ಆದರೆ ಅದರ ಕೀರ್ತಿಯನ್ನು ಮನೆಯವರೂ ಊರವರೂ ಕೂಡಿ ತಮ್ಮತಮ್ಮೊಳಗೇ ಪಾಲು ಹಾಕಿಕೊಂಡುಬಿಟ್ಟಿದ್ದರು. ಅವನ ಎಲೆಗೆ ಉಪ್ಪಿನಷ್ಟೂ ಬಿದ್ದಿರಲಿಲ್ಲ.

(ಶ್ರೀಮಂತ ಎಂದರೆ ವಿಮಾನ ಕೊಳ್ಳುವಂಥ ಶ್ರೀಮಂತಿಕೆ ಎಂದು ಯಾರೂ ತಿಳಿಯಬಾರದು. ನಾಲ್ಕು ಎಕರೆ ತೋಟದ ಒಣದ್ರಾಕ್ಷಿಗೆ ಆ ವರ್ಷ ಹಿಂದೆಂದೂ ಕಾಣದ ದರ ಬಂದು, ತಗಡಿನ ಪತ್ರಾಸಿನ ಮನೆಗೆ ಸ್ಲ್ಯಾಬು ಬಿದ್ದು, ಅಂಗಳದಲ್ಲೊಂದು ಯಾರೋ ಓಡಿಸಿ ಬಿಟ್ಟ ಬಿಳಿ ಕಾರು ನಿಂತು, ಬಚ್ಚಲ ಗೋಡೆಗೆ ಎದೆಮಟ್ಟ ಟೈಲ್ಸು ಏರಿದಷ್ಟು ಶ್ರೀಮಂತಿಕೆ. ಐಗಳಿಯಲ್ಲಿ ಅಷ್ಟು ಸಾಕು.)

ಪಾಲು ಹಾಕುವ ಕೆಲಸ ಅವನ ಅವ್ವ ಸೋನಾಬಾಯಿಯಿಂದಲೇ ಶುರುವಾಗುತ್ತಿತ್ತು. ಎಂಬತ್ತರ ಮುದುಕಿ ಹೊಸ ಸ್ಲ್ಯಾಬಿನ ಕೆಳಗೆ ಕಾಲು ಚಾಚಿ ಕೂತು, ಹೋಗುವವರನ್ನೂ ಬರುವವರನ್ನೂ ಕರೆದು ಹೇಳುವುದು ಒಂದೇ ಮಾತು.

“ಸಂಸ್ಕಾರ ನೋಡ್ರಿ, ಸಂಸ್ಕಾರ! ಸಣ್ಣಾಂವಿದ್ದಾಗ ಬೆಲ್ಲಾ ಕದ್ದಾನಂತ ಇದ ಕೈಲೆ ಸೌಟ ತಗೊಂಡು ಕೊಟ್ಟಿದ್ದೆ. ಆ ಪೆಟ್ಟಿನ ಪುಣ್ಯಾದಿಂದ ಇವತ್ತ ಈ ಸ್ಲ್ಯಾಬು.”

ಬೆಲ್ಲ ಕದ್ದವನು ಪಕ್ಕದ ಮನೆಯ ದುಂಡೇಶ; ಪೆಟ್ಟು ತಿಂದವನು ಮುರಗೆಪ್ಪ. ಪೆಟ್ಟು ಬಿದ್ದವನಿಗೇ ಸ್ಲ್ಯಾಬು ಬಂದದ್ದು ಒಂದು ರೀತಿಯಲ್ಲಿ ನ್ಯಾಯವೇ ಎಂದು ಮುರಗೆಪ್ಪ ಸುಮ್ಮನಾಗುತ್ತಿದ್ದ.

ಇನ್ನು ಜ್ಞಾನದೇವ ಸರ್. ಊರ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮುಂಜಾನೆ ತಿರುಗಾಡಲು ಹೊರಟವರು ಬಿಳಿ ಕಾರಿನ ಹತ್ತಿರ ತಪ್ಪದೆ ನಿಂತು, ಅದರ ಬಾನೆಟ್ಟನ್ನು ತಮ್ಮ ಕೈಬಡಿಗೆಯಿಂದ ಟಕಟಕ ಎಂದು ಕುಟ್ಟಿ ಹೇಳುತ್ತಿದ್ದರು: “ಏಳರ ಮಗ್ಗಿ ಬರಲಿಲ್ಲಂತ ಇವನ್ನ ಇಡೀ ಶ್ರಾವಣ ಬೆಂಚಿನ ಮ್ಯಾಲ ನಿಂದರಿಸಿದ್ದೆ. ವಿದ್ಯಾ ಎಂದೂ ಹುಸಿ ಹೋಗೂದಿಲ್ಲ ನೋಡ್ರಿ.” ಏಳೆಂಟಲೆ ಎಷ್ಟು ಎಂಬುದು ಮುರಗೆಪ್ಪನಿಗೆ ಈಗಲೂ ಗೊತ್ತಿಲ್ಲ. ಆದರೆ ಗುರುಗಳ ಎದುರು ಹಾಗೆಲ್ಲ ಹೇಳಲಾಗುತ್ತದೆಯೇ?

ದುಂಡೇಶನ ಲೆಕ್ಕವೇ ಬೇರೆ. ಅವನ ತೋಟವೂ ಮುರಗೆಪ್ಪನ ತೋಟವೂ ಒಂದೇ ಬದುವಿನವು. ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು. ಆ ವರ್ಷ ದುಂಡೇಶನಿಗೆ ಬಂದದ್ದು ಟ್ರ್ಯಾಕ್ಟರಿನ ಟಾಯರಿಗೂ ಸಾಲದಷ್ಟು. ಆದ್ದರಿಂದ ಅವನು ಬಾಯಿತುಂಬ ಹೇಳುತ್ತಿದ್ದ: “ನಸೀಬೋ ಮುರಗೆಪ್ಪಣ್ಣಾ, ನಸೀಬು! ನೀ ಮಲಗಿದ್ದಲ್ಲೇ ದೇವರು ಬಂದು ಹೊದಿಕಿ ಹೊಚ್ಚಿ ಹ್ವಾದ.”

ಹೆಂಡತಿ ರೂಪಾಲಿ ಮಾತ್ರ ಏನೂ ಹೇಳುತ್ತಿರಲಿಲ್ಲ. ಅವಳು ನಿಪ್ಪಾಣಿಯ ಕಡೆಯವಳು, ಬೀಡಿ ಕಟ್ಟುವ ಮನೆಯಲ್ಲಿ ಹುಟ್ಟಿದವಳು. ಹತ್ತು ವರ್ಷದವಳಿದ್ದಾಗಲೇ ಅವಳ ಬೆರಳುಗಳಿಗೆ ಸುಮ್ಮನಿರುವುದು ಮರೆತುಹೋಗಿತ್ತು. ಸುಮ್ಮನೆ ಕೂತವರನ್ನು ಕಂಡರೆ ಅವಳಿಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತಿತ್ತು. (ಅಂಥವಳಿಗೆ ಮುರಗೆಪ್ಪನನ್ನೇ ಗಂಟು ಹಾಕಿದ ಬ್ರಹ್ಮ ಎಂಥ ಹಾಸ್ಯಗಾರ ನೋಡಿ.) ಗಂಡನ ಯಶಸ್ಸಿನ ಮಾತು ಬಂದಾಗ ಅವಳು ಕೈಗಳನ್ನು ಒಮ್ಮೆ ಮುಂದಕ್ಕೆ ಚಾಚಿ ಒಮ್ಮೆ ಹಿಂದಕ್ಕೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಅಷ್ಟೆ. ದ್ರಾಕ್ಷಿ ಗೊನೆಗಳನ್ನು ಒಣಗಲು ಹರಡುವ ಮೊದಲು ಅದ್ದುವ ಎಣ್ಣೆನೀರು ಆ ಬೆರಳುಗಳನ್ನು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿಸಿತ್ತು. ಅವಳು ಕೈ ಚಾಚಿದಾಗಲೆಲ್ಲ ಮುರಗೆಪ್ಪನಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು.

ಹೀಗಿರುವಾಗ ಸೆಪ್ಟೆಂಬರಿನಲ್ಲಿ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಗುರುವಂದನೆಯ ಕಾರ್ಯಕ್ರಮ ಇಟ್ಟುಕೊಂಡರು. ಕರೆಯೋಲೆಯಲ್ಲಿ ಅಚ್ಚಾಗಿತ್ತು: “ಪ್ರಗತಿಪರ ರೈತ ಶ್ರೀ ಮುರಗೆಪ್ಪನವರಿಗೆ ಸನ್ಮಾನ ಹಾಗೂ ಅವರಿಂದ ‘ನನ್ನ ಯಶಸ್ಸಿನ ಗುಟ್ಟು’ ಎಂಬ ವಿಷಯವಾಗಿ ಎರಡು ಮಾತು.”

ಮುರಗೆಪ್ಪ ಅದನ್ನು ಏಳು ಸಲ ಓದಿದ. ಎಂಟನೆಯ ಸಲ ಓದಲು ಹೊರಸಿನ ಮೇಲೆ ಮಲಗಿದ.

ಮಲಗಿದ ಎಂದ ಮೇಲೆ ಅವನ ಕನಸಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಊರಲ್ಲಿ ಎಲ್ಲರಿಗೂ ಕನಸು ಬೀಳುತ್ತಿದ್ದವು. ಮುರಗೆಪ್ಪ ಮಾತ್ರ ಕನಸನ್ನು ಬೆಳೆಯುತ್ತಿದ್ದ. ಮಧ್ಯಾಹ್ನದ ಊಟವಾಗಿ, ಬಿಸಿಲು ತೋಟದ ಬಳ್ಳಿಗಳ ಮೇಲೆ ಬೆಲ್ಲದ ಪಾಕದಂತೆ ಇಳಿಯುವ ಹೊತ್ತಿಗೆ ಅವನ ಕಣ್ಣು ಅರ್ಧ ಮುಚ್ಚುತ್ತಿತ್ತು. ಆಮೇಲೆ ನಾಲ್ಕು ಎಕರೆ ನಾನೂರಾಗುತ್ತಿತ್ತು. ದುಬೈಯ ಶೇಖನೊಬ್ಬ ಐಗಳಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಧೂಳು ಝಾಡಿಸಿಕೊಂಡು, “ಮುರಗೆಪ್ಪನವರ ಮನೀ ಎಲ್ಲೈತ್ರಿ?” ಎಂದು ಶುದ್ಧ ಕನ್ನಡದಲ್ಲಿ ಕೇಳುತ್ತಿದ್ದ. ಒಣದ್ರಾಕ್ಷಿಯ ಡಬ್ಬಿಗಳ ಮೇಲೆಲ್ಲ ಮುರಗೆಪ್ಪನ ಪಟಕಾ ಸುತ್ತಿದ ಭಾವಚಿತ್ರ. ರೂಪಾಲಿ ಮೆಲ್ಲಗೆ ಬಂದು, “ಊಟಕ್ಕ ಏನ ಮಾಡ್ಲಿ, ನಿಮಗ ಏನ ಸೇರತೈತಿ?” ಎಂದು ಕೇಳುತ್ತಿದ್ದಳು. (ಇಲ್ಲಿಗೆ ಬಂದಾಗ ಇದು ಕನಸೆಂದು ಅವನಿಗೂ ಗೊತ್ತಾಗುತ್ತಿತ್ತು.)

ಆ ದಿನದ ಕನಸಿನಲ್ಲಿ ಭಾಷಣವಿತ್ತು. ಅದರಲ್ಲಿ ಅವನು ಅವ್ವನ ಸೌಟನ್ನೂ ಸರ್ ಅವರ ಬೆಂಚನ್ನೂ ದುಂಡೇಶನ ನಸೀಬನ್ನೂ ವಿನಯದಿಂದ ಪಕ್ಕಕ್ಕೆ ಸರಿಸಿ, “ಇದು ನಾನ ಮಾಡಿದ್ದು” ಎಂದು ಎದೆ ತಟ್ಟಿ ಹೇಳಿದ. ಜನ ಎದ್ದು ನಿಂತರು. ತನ್ನ ಜೀವನದಲ್ಲಿ ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ಸಲ, ಒಬ್ಬರಾದರೂ, ಇದು ಮುರಗೆಪ್ಪನ ಕೆಲಸ ಎಂದು ಒಪ್ಪಬೇಕು.

ತೊಡಕೆಂದರೆ, ನಿಜವಾಗಿ ನಡೆದದ್ದು ಹೀಗೆ.

ಹಿಂದಿನ ವರ್ಷ ಅಕ್ಟೋಬರ್ ಒಂದಕ್ಕೆ ರೂಪಾಲಿ ಗಂಡನ ಕಿಸೆಯಲ್ಲಿ ಇಸಾರದ, ಅಂದರೆ ಮುಂಗಡದ, ಹಣ ಇಟ್ಟು ಅವನನ್ನು ಕೊಕಟನೂರಿಗೆ ಕಳಿಸಿದ್ದಳು. ದ್ರಾಕ್ಷಿ ಬಳ್ಳಿಯನ್ನು ಸವರುವ ಕೆಲಸಕ್ಕೆ ಈ ಕಡೆ ಛಾಟಣಿ ಎನ್ನುತ್ತಾರೆ. ಅಕ್ಟೋಬರಿನ ಛಾಟಣಿಯಾಗದೆ ಬಳ್ಳಿ ಹೂ ಬಿಡುವುದಿಲ್ಲ, ಹೂವಿಲ್ಲದೆ ಹಣ್ಣಿಲ್ಲ. ಅದಕ್ಕೆಂದೇ ಕತ್ತರಿ ಹಿಡಿದ ಆಳುಗಳ ಟೋಳಿಗಳಿರುತ್ತವೆ. ಮೊದಲು ಇಸಾರಾ ಕೊಟ್ಟವರ ತೋಟಕ್ಕೆ ಮೊದಲು ಬರುತ್ತವೆ. ಟೋಳಿಯ ಮುಖಂಡ ಸತ್ತೆಪ್ಪನ ಮನೆ ಮೋಟರ್‌ಸೈಕಲ್ಲಿನ ಮೇಲೆ ಎಷ್ಟು ದೂರ? ಒಂದು ಬೀಡಿ ಮುಗಿಯುವಷ್ಟು. ಆದರೆ ದಾರಿಯಲ್ಲೊಂದು ಬೇವಿನ ಗಿಡವಿತ್ತು. ಅದರ ನೆರಳು ಮುರಗೆಪ್ಪನನ್ನು ಹೆಸರು ಹಿಡಿದು ಕರೆಯಿತು. ಶೇಖ ಬಂದ, ಡಬ್ಬಿಗಳು ಬಂದವು, ಭಾವಚಿತ್ರ ಬಂತು. ಮುರಗೆಪ್ಪ ಎದ್ದು ಸತ್ತೆಪ್ಪನ ಮನೆ ಮುಟ್ಟುವಷ್ಟರಲ್ಲಿ ದುಂಡೇಶ ಇಸಾರಾ ಕೊಟ್ಟು ಚಹಾ ಕುಡಿದು ಹೋಗಿದ್ದ, ಅವನ ಹಿಂದೆ ಇನ್ನೂ ಆರು ಮಂದಿ. ಮುರಗೆಪ್ಪನ ಪಾಳಿ ಬಂದದ್ದು ಹದಿನೆಂಟು ದಿನ ಕಳೆದ ಮೇಲೆ.

ಆ ಹದಿನೆಂಟು ದಿನ ರೂಪಾಲಿ ಬೈದಳು. ಮೊದಲ ಒಂಬತ್ತು ದಿನ ಕನ್ನಡದಲ್ಲಿ, ಮುಂದಿನ ಒಂಬತ್ತು ದಿನ ಮರಾಠಿಯಲ್ಲಿ.

ನವೆಂಬರಿನಲ್ಲಿ, ಊರ ತೋಟಗಳೆಲ್ಲ ಹೂವಿನಲ್ಲಿದ್ದಾಗ, ಯಾರೂ ಕರೆಯದ ಮಳೆ ಮೂರು ದಿನ ಬಿಡದೆ ಹೊಡೆಯಿತು. ಹೂವೆಲ್ಲ ನೆಲಕ್ಕೆ. ಮುರಗೆಪ್ಪನ ಬಳ್ಳಿಗಳು ಹೂ ಬಿಡುವ ಯೋಚನೆಯನ್ನೇ ಇನ್ನೂ ಮಾಡಿರಲಿಲ್ಲ. ಆಮೇಲೆ ಔಷಧ ಹೊಡೆದವಳು, ಗೊನೆ ಕೊಯ್ಯಿಸಿದವಳು, ಅದ್ದಿದವಳು, ಶೆಡ್ಡಿನ ಜಾಳಿಗೆಯ ಮೇಲೆ ಹರಡಿದವಳು, ಒಣಗಿದ್ದನ್ನು ಕಾಳುಕಾಳಾಗಿ ಆರಿಸಿದವಳು ರೂಪಾಲಿ. ಮಾಲಿನ ಬರದಿಂದ ದರ ಏರಿದ ತಾಸಗಾಂವದ ಪೇಟೆಯಲ್ಲಿ, ಹರಾಜಿನ ಸವಾಲಿನ ಹೊತ್ತಿಗೆ ಹೊಸ ಪಟಕಾ ಸುತ್ತಿ ಮುಂದೆ ನಿಂತವನು ಮುರಗೆಪ್ಪ.

ಸರಿ, ಸನ್ಮಾನದ ದಿನ ಬಂತು. ಹೈಸ್ಕೂಲಿನ ಅಂಗಳದಲ್ಲಿ ಶಾಮಿಯಾನ. ಮುಂದಿನ ಸಾಲಿನಲ್ಲಿ ಸೋನಾಬಾಯಿ, ಮಗನ ಜೊತೆ ತನಗೂ ಒಂದು ಶಾಲು ಬರಬಹುದೆಂದು ಸೆರಗನ್ನು ಮೊದಲೇ ಹೆಗಲಿನಿಂದ ಸರಿಸಿಕೊಂಡು ಕೂತಿದ್ದಳು. ವೇದಿಕೆಯ ಮೇಲೆ ಜ್ಞಾನದೇವ ಸರ್. ಕಂಬಕ್ಕೆ ಆನಿಕೊಂಡು ದುಂಡೇಶ. ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ರೂಪಾಲಿ, ಸೆರಗಿನೊಳಗೆ ಕೈ ಮುಚ್ಚಿಕೊಂಡು.

ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುರಗೆಪ್ಪ ಮೈಕಿನ ಮುಂದೆ ನಿಂತ. ನೇರವಾಗಿ ಹೇಳಬೇಕೆಂದರೆ, ಆಗ ಅವನ ಗಂಟಲಿನವರೆಗೆ ಹೆಂಡತಿಯ ಹೆಸರು ಬಂದಿತ್ತು. ಆದರೆ ಶಾಲು ಬೆಚ್ಚಗಿತ್ತು, ಹಾರ ಘಮಘಮಿಸುತ್ತಿತ್ತು, ಮುನ್ನೂರು ಮಂದಿ ಬಾಯಿ ತೆರೆದು ನೋಡುತ್ತಿದ್ದರು. ಹೆಸರು ಹಾಗೇ ಕೆಳಗಿಳಿದು ಹೋಯಿತು.

“ಮಹಾಜನಗಳೇ,” ಎಂದ ಅವನು ಪುಸ್ತಕದ ಕನ್ನಡದಲ್ಲಿ, “ನಾನು ಹೋದ ವರ್ಷ ಹದಿನೆಂಟು ದಿನ ತಡವಾಗಿ ಛಾಟಣಿ ಮಾಡಿಸಿದೆ. ಕೆಲವರು ನಕ್ಕರು. ಆದರೆ ಅದನ್ನು ನಾನು ಬೇಕೆಂದೇ ಮಾಡಿದೆ. ಒಂದು ಬೇವಿನ ವೃಕ್ಷದ ಕೆಳಗೆ ಕೂತು, ಕಣ್ಣು ಮುಚ್ಚಿ, ಗಾಳಿಯ ನಡೆ, ಮೋಡದ ಗುಣ, ಇರುವೆಯ ದಿಕ್ಕು ಇವೆಲ್ಲವನ್ನೂ ಗಣಿಸಿ…”

ಗಣಿಸಿ ಎಂಬ ಮಾತಿಗೆ ಜ್ಞಾನದೇವ ಸರ್ ಕಣ್ಣೊರೆಸಿಕೊಂಡರು. ಮುರಗೆಪ್ಪನಿಗೆ ಮಾತು ಕೂಡಿಬಂತು. ಗಾಳಿಯಲ್ಲಿ ಏಳು ಜಾತಿ ಎಂದ, ಅವುಗಳಲ್ಲಿ ಎರಡು ಹೆಣ್ಣು ಎಂದ. ಚಪ್ಪಾಳೆಗೆ ಶಾಮಿಯಾನ ಹರಿಯುವಂತಾಯಿತು. ಕಂಬಕ್ಕೆ ಆನಿಕೊಂಡಿದ್ದ ದುಂಡೇಶ ನೆಟ್ಟಗೆ ನಿಂತು, ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು, ಕರೆಯೋಲೆಯ ಹಿಂದೆ ಬರೆದುಕೊಳ್ಳತೊಡಗಿದ.

ಮನೆಯ ಬಾಗಿಲಲ್ಲಿ ಕಾರಿನಿಂದ ಇಳಿದ ಮೇಲೆ ರೂಪಾಲಿ ಕೇಳಿದಳು: “ಅಹೋ, ಬೇವಿನ ಗಿಡದ ಬುಡಕ ಗಾಳಿ ಲೆಕ್ಕಾ ಹಾಕತಿದ್ದಿರೇನು?”

“ಹೂಂ.”

“ಗೊರಕೀಲೆ?”

ಮುರಗೆಪ್ಪ ಹಣ್ಣಿನ ಬುಟ್ಟಿಯನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದ.

ಆ ಕ್ಷಣಕ್ಕೆ ಎಲ್ಲ ಮುಗಿಯಿತೆಂದು ಅವನು ತಿಳಿದ. ಅಕ್ಟೋಬರ್ ಬರುವವರೆಗೆ ಹಾಗೆಯೇ ತಿಳಿದಿದ್ದ.

ಅಕ್ಟೋಬರ್ ಒಂದು ಬಂತು. ಊರಲ್ಲಿ ಒಂದೇ ಒಂದು ಕತ್ತರಿಯ ಸಪ್ಪಳವಿಲ್ಲ. ಎರಡು, ಮೂರು, ಐದು. ತೋಟಗಳು ಜಟಾಧಾರಿಗಳಂತೆ ಹಾಗೇ ನಿಂತಿದ್ದವು. ಐಗಳಿಯ ಒಬ್ಬ ರೈತನೂ ಇಸಾರಾ ಕೊಡಲು ಹೋಗಲಿಲ್ಲ. ಎಲ್ಲರೂ ಮುರಗೆಪ್ಪನ ಅಂಗಳಕ್ಕೆ ಬಂದರು.

“ಯಾವ ತಾರೀಖು ಹಿಡೀಲಿ, ಮುರಗೆಪ್ಪಣ್ಣಾ?” ಎಂದು ದುಂಡೇಶ ಕೇಳಿದ. ಅವನ ದನಿಯಲ್ಲಿ ನಸೀಬಿನ ಚೇಷ್ಟೆ ಇರಲಿಲ್ಲ. ಅಣ್ಣಾ ಎಂಬುದು ಎರಡು ಮಾತ್ರೆ ಉದ್ದವಾಗಿತ್ತು.

“ನೋಡೂಣು,” ಎಂದ ಮುರಗೆಪ್ಪ ಗಂಭೀರವಾಗಿ. “ಗಾಳಿ ಇನ್ನೂ ಕೂಡಿಬಂದಿಲ್ಲ.”

ಅಂದಿನಿಂದ ಅವನ ಸುಖ ಮಣ್ಣುಪಾಲಾಯಿತು. ಅವನು ಆಕಳಿಸಲು ಮುಖ ಮೇಲೆತ್ತಿದರೆ ಹತ್ತು ಮಂದಿ ಆಕಾಶ ನೋಡುತ್ತಿದ್ದರು. ಬಯಲಿಗೆ ಹೋದರೆ ಯಾವ ದಿಕ್ಕಿಗೆ ಹೋದನೆಂದು ಚರ್ಚೆಯಾಗುತ್ತಿತ್ತು. ಮಧ್ಯಾಹ್ನ ಹೊರಸಿನ ಮೇಲೆ ಕಣ್ಣು ಮುಚ್ಚಿದರಂತೂ, “ಶ್ಶ್! ಲೆಕ್ಕಾ ಹಾಕಾಕತ್ತಾರ!” ಎಂದು ಇಡೀ ಓಣಿ ಉಸಿರು ಬಿಗಿಹಿಡಿಯುತ್ತಿತ್ತು. ಅಷ್ಟು ಮೌನದಲ್ಲಿ ಯಾವ ಶೇಖ ಬಂದಾನು? ನಾನೂರು ಎಕರೆ ಕುಗ್ಗಿ ಕುಗ್ಗಿ ನಾಲ್ಕಾಯಿತು, ಕಡೆಗೆ ಹೊರಸಿನಷ್ಟಾಯಿತು. ನಲವತ್ತೊಂಬತ್ತು ವರ್ಷ ಜೊತೆಗಿದ್ದ ಕನಸುಗಳು ಹೇಳದೆ ಕೇಳದೆ ಊರು ಬಿಟ್ಟುಹೋದವು.

ಎಂಟನೆಯ ದಿನ ಟೋಳಿಯ ಸತ್ತೆಪ್ಪ ಕೊಕಟನೂರಿನಿಂದ ನಡೆದೇ ಬಂದ. ಒಳಗೆ ಕರೆದರೂ ಬರಲಿಲ್ಲ, ಮೆಟ್ಟಿಲ ಮೇಲೆ ಕೂತ.

“ಸಾವಕಾರ್ರ, ನೀವು ದೊಡ್ಡವ್ರು. ಗಾಳಿ ಮಾತಾಡಿದ್ದು ನಿಮಗ ತಿಳೀತೈತಿ. ನಮ್ಮ ಟೋಳಿಯೊಳಗ ನಲವತ್ತ ಮಂದಿ ಅದೀವ್ರಿ. ವರ್ಷದ ದುಡಿಮಿ ಇದ ತಿಂಗಳದಾಗ. ಎಂಟು ದಿನಾ ಆತು, ಕತ್ತರೀಗೆ ಎಣ್ಣಿ ಹಚ್ಚಿ ಹಚ್ಚಿ ಇಡಾಕತ್ತೀವಿ. ಗಾಳೀಗೆ ಒಂದೀಟ ಜಲ್ದಿ ಬಾ ಅಂತ ಹೇಳ್ರಿ.”

ಅವನು ಕೈ ಮುಗಿದ. ಚೇಷ್ಟೆಯಲ್ಲ, ನಿಜವಾಗಿ ಮುಗಿದ. ತನ್ನ ಬಾಯಿಯಿಂದ ಹೊರಟ ಏಳು ಜಾತಿಯ ಗಾಳಿ ನಲವತ್ತು ಒಲೆಗಳನ್ನು ಆರಿಸುತ್ತಿದೆ ಎಂಬುದು ಮುರಗೆಪ್ಪನಿಗೆ ಅಂದೇ ಹೊಳೆದದ್ದು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ಏನ ಮಾಡ್ಲಿ?” ಎಂದು ಅಡುಗೆಮನೆಗೆ ಹೋಗಿ ಕೇಳಿದ.

“ಕಟ್ಟಿದ್ದು ನೀವು, ಬಿಚ್ಚಾಂವ್ರೂ ನೀವ,” ಎಂದಳು ರೂಪಾಲಿ ರೊಟ್ಟಿ ಬಡಿಯುತ್ತ. ಆ ಹೊತ್ತಿಗೆ ರೊಟ್ಟಿಯ ಮೇಲೆ ಬೀಳುತ್ತಿದ್ದ ಪೆಟ್ಟು ರೊಟ್ಟಿಗೆ ಬೇಕಾದದ್ದಕ್ಕಿಂತ ಜೋರಾಗಿತ್ತು.

ಮರುದಿನ ಮುಂಜಾನೆ ಮುರಗೆಪ್ಪ ಊರವರನ್ನು ಸೊಸಾಯಿಟಿಯ ಕಟ್ಟೆಗೆ ಕರೆದ. ತಾರೀಖು ಹೇಳುತ್ತಾರೆಂದು ಊರಿಗೆ ಊರೇ ಬಂತು. ಅವನು ಈ ಸಲ ಪುಸ್ತಕದ ಕನ್ನಡ ಬಳಸಲಿಲ್ಲ.

“ಗಾಳಿನೂ ಇಲ್ಲ, ಇರಬಿನೂ ಇಲ್ಲ. ನಾ ಹೋದ ವರ್ಷ ಬೇವಿನ ಗಿಡದ ಕೆಳಗ ಮಲಗಿ ನಿದ್ದಿ ಹೊಡದೆ. ಏಳೂದರಾಗ ಟೋಳಿ ಹೋಗಿತ್ತು. ಹಿಂಗಾಗಿ ಹದಿನೆಂಟು ದಿನಾ ತಡಾ ಆತು. ದುಡದಾಕಿ ನಮ್ಮ ಮನಿಯಾಕಿ. ನಾ ಏನೂ ಮಾಡಿಲ್ಲ. ಸುಳ್ಳ ಹೇಳಿದೆ, ತಪ್ಪಾತು. ಎಲ್ಲಾರೂ ಹೋಗಿ ಛಾಟಣಿ ಮಾಡಸ್ರಿ.”

ಹೇಳಿ ಮುಗಿಸಿ ತಲೆ ತಗ್ಗಿಸಿದ. ಕಲ್ಲು ಬೀಳಬಹುದು, ಕಡೆಗೆ ಚಪ್ಪಲಿಯಾದರೂ ಬೀಳಬಹುದು ಎಂದು ಕಾದ. ಬಹಳ ಹೊತ್ತು ಏನೂ ಬೀಳಲಿಲ್ಲ. ಹೆಂಗಸರ ಹಿಂದೆ ನಿಂತಿದ್ದ ರೂಪಾಲಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡದ್ದು ಮಾತ್ರ ಅವನಿಗೆ ಕಂಡಿತು.

ಆಮೇಲೆ ದುಂಡೇಶ ಗಂಟಲು ಸರಿಮಾಡಿಕೊಂಡು, ಕರೆಯೋಲೆಯನ್ನೂ ಪೆನ್ನನ್ನೂ ಹೊರತೆಗೆದು, ಬಹಳ ಮರ್ಯಾದೆಯಿಂದ ಕೇಳಿದ:

“ತಿಳೀತ್ರಿ. ಮತ್ತ ಈ ವರ್ಷ ಯಾವಾಗ ಮಲಗತೀರಿ?”

“ಹಾಂ?”

“ಗಾಳಿ ಬಿಡ್ರಿ, ಅದು ನಮಗೂ ಸಂಶೇ ಇತ್ತು. ಅಂದ್ರ ನಸೀಬ ಇರೂದು ನಿಮ್ಮ ನಿದ್ದಿಯೊಳಗ! ನಿಮಗ ನಿದ್ದಿ ಬಂದಾಗ ಮಳಿ ತಪ್ಪತೈತಿ. ಇದನ್ನ ಮದ್ಲ ಹೇಳಬಾರದ?”

ಕಟ್ಟೆಯ ತುಂಬ ಹೌದು ಹೌದು ಎಂಬ ಗುಲ್ಲು. ಜ್ಞಾನದೇವ ಸರ್ ಕೈಬಡಿಗೆಯಿಂದ ನೆಲ ಕುಟ್ಟಿ, “ಎಂಥಾ ವಿನಯ ನೋಡ್ರಿ! ವಿದ್ಯಾ ದದಾತಿ ವಿನಯಂ!” ಎಂದರು. ಸೋನಾಬಾಯಿ ಎದ್ದು ನಿಂತು, “ಅಂವಗ ಮಲಗಾಕ ಕಲಿಸಿದಾಕಿ ನಾನು! ಮೂರ ವರ್ಷ ತೊಟ್ಟಲಾ ತೂಗೀನಿ!” ಎಂದಳು. “ದುಡದಾಕಿ ನಮ್ಮ ಮನಿಯಾಕಿ” ಎಂಬ ಮಾತು ಎಲ್ಲಿ ಬಿತ್ತೋ, ಯಾರೂ ಬಗ್ಗಿ ಎತ್ತಿಕೊಳ್ಳಲಿಲ್ಲ.

ಅರ್ಧ ಗಂಟೆಯೊಳಗೆ ಕಟ್ಟೆಯ ಪಕ್ಕದ ನೆರಳಿಗೆ ಹೊರಸು ಬಂತು. ಒಬ್ಬರು ಗಾದಿ ತಂದರು, ಒಬ್ಬರು ಕೌದಿ ತಂದರು. ಯಾರೋ ಹಾಲಿನಲ್ಲಿ ಗಸಗಸೆ ಅರೆದು ತಂದು ಕುಡಿಸಿದರು. ಬೊಗಳುವ ನಾಯಿಗಳನ್ನು ಊರಾಚೆ ಅಟ್ಟಿದರು. ಹಿಟ್ಟಿನ ಗಿರಣಿ ನಿಂತಿತು. ಮುರಗೆಪ್ಪನನ್ನು ಮಲಗಿಸಿ ಊರು ಸುತ್ತ ಕೂತಿತು.

ಅವನು ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ರೆಪ್ಪೆಯ ಸಂದಿಯಿಂದ ನೋಡಿದರೆ ಎಲ್ಲ ಕಡೆ ಮುಖಗಳು. ಹುಟ್ಟಿದಾಗಿನಿಂದ ಬಂದಿದ್ದ ನಿದ್ದೆ, ಮದುವೆಯಲ್ಲಿ ಅಕ್ಷತೆ ಬೀಳುವಾಗಲೂ ಬಂದಿದ್ದ ನಿದ್ದೆ, ಈಗ ಬರಲೊಲ್ಲದು. ಒಂದು ತಾಸಾಯಿತು. ಬೆವರು ಗಾದಿಗೆ ಇಳಿಯಿತು. ಇಷ್ಟು ಕಷ್ಟದ ಕೆಲಸವನ್ನು ತಾನು ಜೀವಮಾನದಲ್ಲಿ ಮಾಡಿಲ್ಲ ಎಂದು ಅವನಿಗೆ ಅನಿಸಿತು. ಎರಡು ತಾಸಾದಾಗ ಬೀಸಣಿಕೆಯ ಗಾಳಿ ಹತ್ತಿರ ಬಂತು, ಅದರ ಹಿಂದೆ ಪರಿಚಿತವಾದ ಪಿಸುದನಿ:

“ಅಹೋ, ಗೊರಕಿ ಹೊಡೀರಿ.”

“ನಿದ್ದಿ ಬರವಲ್ತು,” ಎಂದ ಅವನು ತುಟಿ ಅಲುಗಿಸದೆ.

“ನಿದ್ದಿ ಯಾರ ಕೇಳ್ಯಾರ? ಗೊರಕಿ ಹೊಡೀರಿ. ಸತ್ತೆಪ್ಪ ಅಲ್ಲೇ ಕುಂತಾನ.”

ಮುರಗೆಪ್ಪ ಹೊಡೆದ. ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರು ದಿಬ್ಬ ಏರುವಾಗಿನಂಥ ಗೊರಕೆ. ಇಡೀ ಊರು ಒಮ್ಮೆಲೇ ಎದ್ದಿತು. “ಬಿತ್ತು! ನಿದ್ದಿ ಬಿತ್ತು!” ಎಂದು ದುಂಡೇಶ ಮೊದಲು ಓಡಿದ, ಅವನ ಹಿಂದೆ ಎಲ್ಲರೂ ಇಸಾರದ ನೋಟು ಹಿಡಿದು ಸತ್ತೆಪ್ಪನ ಮೇಲೆ, ಪಕ್ಕದ ಊರಿನ ಟೋಳಿಗಳ ಮೇಲೆ, ಕತ್ತರಿ ಹಿಡಿಯಬಲ್ಲ ಪ್ರತಿಯೊಂದು ನರಪ್ರಾಣಿಯ ಮೇಲೆ ಬಿದ್ದರು. ಧೂಳು ಇಳಿಯಿತು. ಮುರಗೆಪ್ಪ ಒಂದು ಕಣ್ಣು ತೆರೆದ. ಕಟ್ಟೆಯ ಹತ್ತಿರ ಉಳಿದಿದ್ದವರು ಬೀಸಣಿಕೆ ಹಿಡಿದ ರೂಪಾಲಿ ಮತ್ತು ಕಿಸೆ ತುಂಬಿ ನಗುತ್ತಿದ್ದ ಸತ್ತೆಪ್ಪ.

“ನಮ್ಮ ತೋಟಕ್ಕ ಯಾವಾಗ ಬರ್ತೀ?” ಎಂದು ಮುರಗೆಪ್ಪ ಎದ್ದು ಕೂತು ಕೇಳಿದ.

ಸತ್ತೆಪ್ಪನ ನಗು ಸ್ವಲ್ಪ ಕುಗ್ಗಿತು. “ಇಸಾರಾ ತಗೊಂಡಬಿಟ್ಟೇನಲ್ರೀ ಸಾವಕಾರ್ರ. ಯಾ ಟೋಳೀನೂ ಖಾಲಿ ಇಲ್ಲ. ಇಪ್ಪತ್ತ ದಿನಾ ಆಗಲಿ, ನಿಮ್ಮಲ್ಲೇ ಮದ್ಲ.”

“ಇಪ್ಪತ್ತ ದಿನ ಅಂದ್ರ ಛಲೋನ ಆತಲ್ಲ,” ಎಂದ ಮುರಗೆಪ್ಪ ಹೆಂಡತಿಯ ಕಡೆ ಆಸೆಯಿಂದ ನೋಡಿ. “ಹೋದ ವರ್ಷದ ನಸೀಬ…”

“ನಸೀಬ ಅಂದ್ರೇನು ಕಾಗವಾಡ ಬಸ್ಸೇನು, ದಿನಾ ಅದ ಹೊತ್ತಿಗೆ ಬರಾಕ?” ಎಂದಳು ರೂಪಾಲಿ. ಮನೆಗೆ ಹೋಗಿ ಅಟ್ಟದ ಮೇಲಿನಿಂದ ಎರಡು ಕತ್ತರಿ ಇಳಿಸಿದಳು. ಒಂದನ್ನು ತಾನು ಹಿಡಿದಳು.

ಮುರಗೆಪ್ಪ ಬಾವಿಯ ಕಡೆಯ ಮೊದಲನೆಯ ಸಾಲಿಗೆ ಕತ್ತರಿ ಹಾಕಿದ. ಮೊದಲ ದಿನ ಅವನ ಹೆಬ್ಬೆರಳು ತನ್ನದಲ್ಲವೆನಿಸಿತು. ಎರಡನೆಯ ದಿನ ಅಂಗೈಯಲ್ಲಿ ಗುಳ್ಳೆ ಎದ್ದವು, ಮೂರನೆಯ ದಿನ ಒಡೆದವು. “ಅಷ್ಟ ಉದ್ದ ಬಿಡಬ್ಯಾಡ್ರಿ. ಹಾಂ, ಅಲ್ಲೆ. ಅಲ್ಲೇ ಕತ್ತರಸ್ರಿ,” ಎಂದು ಪಕ್ಕದ ಸಾಲಿನಿಂದ ರೂಪಾಲಿ ಹೇಳುತ್ತಿದ್ದಳು. ದನಿಯಲ್ಲಿ ಬೈಗುಳವಿರಲಿಲ್ಲ. ನಾಲ್ಕನೆಯ ದಿನದ ಮುಂಜಾನೆ ಒಂದು ವಿಚಿತ್ರ ನಡೆಯಿತು. ಎಳೆ ಬಿಸಿಲು, ಮುರಿದ ಕಡ್ಡಿಯ ಹಸಿ ವಾಸನೆ, ಎರಡು ಕತ್ತರಿಗಳ ಕಚಕಚ. ಅದರ ನಡುವೆ ನಿಂತಲ್ಲೇ ಅವನಿಗೆ ಕನಸು ಬಿತ್ತು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಕನಸಿನಲ್ಲಿ ಶೇಖನೂ ಇರಲಿಲ್ಲ, ಡಬ್ಬಿಗಳೂ ಇರಲಿಲ್ಲ. ಇದೇ ಸಾಲು, ಇದೇ ಬಳ್ಳಿ, ಪಕ್ಕದಲ್ಲಿ ಇದೇ ರೂಪಾಲಿ. ಅವನಿಗೆ ಯಾಕೋ ಬಹಳ ಸಂತೋಷವಾಯಿತು. ಒಂದು ಎಕರೆ, ಅವನ ಕೈಯಿಂದ! ಯಾರಾದರೂ ನೋಡಬಾರದೇ ಎಂದುಕೊಂಡ.

ನೋಡಲು ಬಂದರು. ಬದುವಿನ ಮೇಲೆ ದುಂಡೇಶ, ಅವನ ಹಿಂದೆ ಇಪ್ಪತ್ತು ಮಂದಿ, ಕಡೆಗೆ ಕೋಲೂರಿಕೊಂಡು ಸೋನಾಬಾಯಿ. ಅವರು ಬಂದದ್ದು ರಸ್ತೆಯ ಕಡೆಯಿಂದ. ರಸ್ತೆಯ ಕಡೆಯ ಮೂರು ಎಕರೆಗೆ ಕತ್ತರಿ ಮುಟ್ಟಿರಲಿಲ್ಲ.

“ನಮಗ ಗೊರಕಿ ತೋರಿಸಿ, ತಮ್ಮ ತೋಟಾ ಹಾಂಗ ಬಿಟ್ಟಾನ ನೋಡ್ರಿ!” ಎಂದು ದುಂಡೇಶ ಕೂಗಿದ. “ಮಳಿ ಬರತೈತಂತ ಗೊತ್ತೈತಿ ಇವಗ! ಈ ಸಲಾನೂ ಹಿಂದ ಉಳದಾನ!”

“ಇಲ್ಲೋ ಮಾರಾಯಾ! ಟೋಳಿ ಸಿಗಲಿಲ್ಲ. ನಾನ ಮಾಡಾಕತ್ತೀನಿ. ಬಾವಿ ಕಡೆ ಒಂದ ಎಕರೆ ಆಗೇತಿ, ಹೋಗಿ ನೋಡು,” ಎಂದು ಮುರಗೆಪ್ಪ ಎರಡೂ ಅಂಗೈ ಬಿಚ್ಚಿ ಎತ್ತಿ ತೋರಿಸಿದ. “ಇಲ್ಲೆ ನೋಡು!”

ಇಪ್ಪತ್ತು ಮಂದಿ ಅಂಗೈಯನ್ನು ನೋಡಿದರು. ಅವನ ಮುಖವನ್ನು ನೋಡಿದರು. ಮತ್ತೆ ಅಂಗೈಯನ್ನು ನೋಡಿದರು. ಆಮೇಲೆ ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಬದುವಿಗೆ ಬದುವೇ ನಕ್ಕಿತು. ಗಾಳಿಯ ಏಳು ಜಾತಿಗಳನ್ನು ನಂಬಿದವರು, ನಿದ್ದೆಯ ಮಹಿಮೆಯನ್ನು ನಂಬಿದವರು, ಮುರಗೆಪ್ಪ ಕೆಲಸ ಮಾಡಿದನೆಂಬುದನ್ನು ನಂಬಲು ಮಾತ್ರ ತಯಾರಿರಲಿಲ್ಲ.

“ಅವ್ವಾ, ನೀನರ ಹೇಳ!” ಎಂದ ಅವನು.

ಸೋನಾಬಾಯಿ ಹತ್ತಿರ ಬಂದು, ಮಗನ ಅಂಗೈಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ನಿಟ್ಟುಸಿರು ಬಿಟ್ಟಳು. “ನನ್ನ ಮಗಾ ಸುಳ್ಳ ಹೇಳಾಂವಲ್ಲ. ಆದ್ರ ಕೆಲಸಾ ಮಾಡಾಂವನೂ ಅಲ್ಲ. ಏನೋ ಹತ್ತೇತಿ ಇವಗ. ಅಥಣಿಗೆ ಕರಕೊಂಡು ಹೋಗಿ ಡಾಕ್ಟರಗ ತೋರಸ್ರಿ.”

ಆಗ ರೂಪಾಲಿ ಸಾಲಿನಿಂದ ಹೊರಗೆ ಬಂದಳು. ಮದುವೆಯಾಗಿ ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಸಲ ಜನರ ಮುಂದೆ ಗಂಡನ ಪರವಾಗಿ ಬಾಯಿ ಬಿಟ್ಟಳು. “ಅವರ ಮಾಡ್ಯಾರ. ನಾಲ್ಕ ದಿನಾ ಆತು. ನಾ ಕಣ್ಣಾರೆ ನೋಡೀನಿ.”

“ವೈನೀ,” ಎಂದ ದುಂಡೇಶ ಮರುಕದಿಂದ, “ಗಂಡನ ಮಾನಾ ಉಳಸಾಕ ನೀವು ಇಷ್ಟ ದೊಡ್ಡ ಸುಳ್ಳ ಹೇಳಬಾರದಿತ್ತು.”

ಮತ್ತೆ ಅವರೆಲ್ಲ ತಮ್ಮ ತೋಟಗಳ ಛಾಟಣಿ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ಜಗಳಾಡುತ್ತ ರಸ್ತೆಗೆ ಇಳಿದರು. ಸೋನಾಬಾಯಿ ಯಾವ ಡಾಕ್ಟರು ಒಳ್ಳೆಯವರೆಂದು ಕೇಳುತ್ತ ಹಿಂದೆ ಹೋದಳು.

ಮುರಗೆಪ್ಪ ಬದುವಿನ ಮೇಲೆ ಕುಸಿದು ಕೂತ. ಅವನಿಗೆ ಅಳು ಬಂದಿತ್ತು, ನಾಚಿಕೆಗೆ ತಡೆದುಕೊಂಡಿದ್ದ. “ಖರೇ ದುಡದೀನಿ. ಕೈ ನೋಡಿದ್ರೂ ಒಬ್ಬರೂ ನಂಬಲಿಲ್ಲಲ್ಲ ರೂಪಾ. ಎಷ್ಟ ಸಂಕಟ ಆಗತೈತಿ ಗೊತ್ತೇನು?”

ರೂಪಾಲಿ ಹಳೆಯ ಸೀರೆಯ ಚೂರು ಹರಿದು ಅವನ ಅಂಗೈಗೆ ಸುತ್ತಿ ಗಂಟು ಹಾಕಿದಳು. ಅವಳ ಬಿರಿದ ಬೆರಳುಗಳು ಅವನ ಒಡೆದ ಗುಳ್ಳೆಯ ಮೇಲೆ ಒರಟೊರಟಾಗಿ ತಾಕಿದವು.

“ಗೊತ್ತೈತಿ,” ಎಂದಳು. “ನನಗ ಇಪ್ಪತ್ತೈದ ವರ್ಷ ಆತು.”

ಮುರಗೆಪ್ಪ ತಲೆಯೆತ್ತಿ ಅವಳನ್ನು ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದ. ಅವಳು ಅಷ್ಟರಲ್ಲಿ ಕತ್ತರಿ ಎತ್ತಿಕೊಂಡು ಮುಂದಿನ ಸಾಲಿಗೆ ನಡೆದಿದ್ದಳು.

“ಭಾಷಣ ಸಾಕು,” ಎಂದು ಬಳ್ಳಿಯ ಆಚೆಯಿಂದ ದನಿ ಬಂತು. “ಇನ್ನೂ ಮೂರ ಎಕರೆ ಐತಿ. ಏಳ್ರಿ.”